ಮುಖ ಒಬ್ಬರದು, ಕಂಠ ಮತ್ತೊಬ್ಬರದು!

ತೆರೆಯ ಮೇಲೆ ಕಾಣಿಸಿಕೊಳ್ಳದೆ ತೆರೆಯನ್ನು ಮಾತನಾಡಿಸುವ ಕಲಾವಿದೆಯರ ಕಥೆ

ರಾಜಾಜಿನಗರದ ನವರಂಗ್ ಚಿತ್ರಮಂದಿರದಲ್ಲಾಗಲಿ, ಮಾಗಡಿ ರಸ್ತೆಯ ಪ್ರಸನ್ನ, ವೀರೇಶ್ ಮಂದಿರಗಳಲ್ಲಾಗಲಿ ಡಾ. ರಾಜ್‌ಕುಮಾರ್ ಅವರ ಚಿತ್ರಗಳನ್ನು ಸಂಸಾರ ಸಮೇತರಾಗಿ ನೋಡಿ ಬಂದ ಹಿರಿಯರು ಬೆಂಗಳೂರಿನ ಪಶ್ಚಿಮ ಬಡಾವಣೆಗಳ ಮನೆಮನೆಯಲ್ಲಿಯೂ ಇದ್ದಾರೆ. ಅವರನ್ನು ಕುಳ್ಳಿರಿಸಿ, "ಆ ಚಿತ್ರದ ನಾಯಕಿ ಯಾರು?" ಎಂದು ಕೇಳಿ ನೋಡಿ. ಉತ್ತರ ನಾಲಗೆಯ ತುದಿಯಲ್ಲಿಯೇ ಇರುತ್ತದೆ. ಮಾಧವಿ, ಜಯಪ್ರದಾ, ಅಂಬಿಕಾ ಎಂದು ಹೆಸರುಗಳು ಉದುರುತ್ತವೆ. ಆಕೆ ಉಟ್ಟಿದ್ದ ಸೀರೆಯ ಬಣ್ಣವನ್ನು ಕೂಡ ಹೇಳಬಲ್ಲ ಗೃಹಿಣಿಯರುಂಟು. "ಸರಿ, ಆ ನಾಯಕಿ ಆಡಿದ ಮಾತು ಯಾರದು?" ಎಂದು ಮುಂದಿನ ಪ್ರಶ್ನೆ ಹಾಕಿದರೆ ಮಾತ್ರ ಮೌನ!

ಪ್ರಶ್ನೆ ವಿಚಿತ್ರವೆನಿಸಬಹುದು. ಆದರೆ ಸ್ವಲ್ಪ ಯೋಚಿಸಿದರೆ ಅದರ ಮರ್ಮ ತಿಳಿಯುತ್ತದೆ. ಜಯಪ್ರದಾ ಅವರು ಆಂಧ್ರದ ರಾಜಮಹೇಂದ್ರಿಯವರು. ಅಂಬಿಕಾ ಕೇರಳದವರು. ಮಾಧವಿಯವರ ಮನೆಮಾತು ತೆಲುಗು. ಇವರೆಲ್ಲರೂ ತೆರೆಯ ಮೇಲೆ ಹಳೆಯ ಮೈಸೂರಿನ ಮನೆಮಗಳಂತೆ ಕನ್ನಡವನ್ನಾಡಿದುದು ಹೇಗೆ? ಆ ಕನ್ನಡದ ಹಿಂದೆ ನಿಂತಿದ್ದವರು ಬೇರೆಯೇ ಒಬ್ಬ ಕಲಾವಿದೆ. ಆ ಕೆಲಸಕ್ಕೆ ನಮ್ಮ ಚಿತ್ರರಂಗ ಇಟ್ಟಿರುವ ಹೆಸರು 'ಕಂಠದಾನ'.

ಹೆಸರೇನೋ ಸೊಗಸಾಗಿದೆ. ಗೋದಾನ, ಭೂದಾನ, ಕನ್ಯಾದಾನಗಳ ಸಾಲಿನಲ್ಲಿ ಕಂಠದಾನವೂ ಒಂದು! ದಾನ ಮಾಡಿದವರಿಗೆ ಪುಣ್ಯ ಬರುವುದೆಂದು ಶಾಸ್ತ್ರ ಹೇಳುತ್ತದೆ. ಈ ದಾನದಲ್ಲಿ ಮಾತ್ರ ಪುಣ್ಯವೆಲ್ಲವೂ ಪಡೆದವರ ಪಾಲಿಗೇ ಹೋಗುವುದು ವಿಶೇಷ.

ಗುಬ್ಬಿ ಕಂಪನಿಯ ಮೊಮ್ಮಗಳು

ಕನ್ನಡದ ಕಂಠದಾನದ ಮಾತು ಬಂದಾಗ ಮೊದಲು ನೆನೆಯಬೇಕಾದ ಹೆಸರು ಶ್ರೀಮತಿ ಬಿ. ಜಯಶ್ರೀಯವರದು. 1950ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಅವರು ನಾಟಕರತ್ನ ಗುಬ್ಬಿ ವೀರಣ್ಣನವರ ಮೊಮ್ಮಗಳು. ತಾಯಿ ಜಿ. ವಿ. ಮಾಲತಮ್ಮನವರೂ ರಂಗನಟಿಯೇ. ಬಣ್ಣ, ಬೆಳಕು, ಹಾರ್ಮೋನಿಯಂಗಳ ನಡುವೆ ಬೆಳೆದ ಈ ಬಾಲೆ ಎಳವೆಯಲ್ಲಿಯೇ ರಂಗವನ್ನೇರಿದಳು. ಮುಂದೆ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, 1973ರಲ್ಲಿ ವ್ಯಾಸಂಗವನ್ನು ಮುಗಿಸಿ, 1976ರಲ್ಲಿ 'ಸ್ಪಂದನ' ಎಂಬ ತಂಡವನ್ನು ಕಟ್ಟಿದರು. ಆ ತಂಡದ 'ಲಕ್ಷಾಪತಿ ರಾಜನ ಕಥೆ', 'ಕರಿಮಾಯಿ' ನಾಟಕಗಳಲ್ಲಿ ಅವರ ಕಂಚಿನ ಕಂಠವನ್ನು ಕೇಳಿದವರು ಅದನ್ನು ಮರೆಯಲಾರರು.

ಸಿನಿಮಾದಲ್ಲಿ ಅವರು ಕಾಣಿಸಿಕೊಂಡುದಕ್ಕಿಂತ ಕೇಳಿಸಿಕೊಂಡುದೇ ಹೆಚ್ಚು ಎನ್ನಬಹುದೇನೋ. ಮಾಧವಿ, ಗಾಯತ್ರಿ, ಜಯಪ್ರದಾ, ಅಂಬಿಕಾ ಮೊದಲಾದ ನಾಯಕಿಯರಿಗೆ, ಅದರಲ್ಲಿಯೂ ರಾಜ್‌ಕುಮಾರ್ ಅವರ ಚಿತ್ರಗಳ ನಾಯಕಿಯರಿಗೆ, ಅವರು ತಮ್ಮ ಕಂಠವನ್ನು ಕೊಟ್ಟರು. ಕನ್ನಡದ ಉಚ್ಚಾರಣೆಯಲ್ಲಿ ರಾಜ್‌ಕುಮಾರ್ ಅವರಿಗೆ ಸರಿಸಾಟಿಯಿಲ್ಲವೆಂಬುದು ಲೋಕವಿದಿತ. ಅಂಥ ಮಾತಿಗೆ ಎದುರು ಮಾತನಾಡುವ ನಾಯಕಿಯ ಕನ್ನಡ ತೊದಲಿದರೆ ದೃಶ್ಯವೇ ಕೆಟ್ಟುಹೋಗುತ್ತದೆ. ಕೊನೆಯ ಸಾಲಿನ ಪ್ರೇಕ್ಷಕನಿಗೂ ಪ್ರತಿ ಅಕ್ಷರವೂ ತಲಪಬೇಕೆಂಬ ಕಂಪನಿ ನಾಟಕದ ಶಿಸ್ತು ಇಲ್ಲಿ ಕೈಹಿಡಿಯಿತು. ಅದೇ ಶಿಸ್ತನ್ನು ಇಲ್ಲಿ ತಿರುವುಮುರುವು ಮಾಡಿಕೊಳ್ಳಬೇಕು: ರಂಗದ ಮೇಲೆ ಸಾವಿರ ಜನಕ್ಕೆ ಕೇಳಿಸುವಂತೆ ಆಡುವ ಮಾತನ್ನು ಗೇಣುದೂರದ ಮೈಕಿನೆದುರು ಪಿಸುಗುಟ್ಟಬೇಕು!

ರಂಗಭೂಮಿಯ ಸೇವೆಗಾಗಿ ಅವರಿಗೆ 1996ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂದಿತು. 2010ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. 2013ರಲ್ಲಿ ಪದ್ಮಶ್ರೀ ಪ್ರಾಪ್ತವಾಯಿತು. ಇವೆಲ್ಲ ಸಂದುದು ನಾಟಕದ ಜಯಶ್ರೀಯವರಿಗೆ. ನಾಡಿನ ಲಕ್ಷಾಂತರ ಜನ ಕೇಳಿದ ಸಿನಿಮಾ ಕಂಠಕ್ಕಾದರೋ ಮುಖವೇ ಇರಲಿಲ್ಲ.

ಕತ್ತಲೆ ಕೋಣೆಯ ಕಸರತ್ತು

ಈ ಕೆಲಸ ನಡೆಯುವ ಬಗೆಯನ್ನು ಕೊಂಚ ತಿಳಿದುಕೊಳ್ಳುವುದು ಒಳ್ಳೆಯದು. ಚಿತ್ರೀಕರಣದ ಸ್ಥಳದಲ್ಲಿ ಜನರೇಟರಿನ ಸದ್ದು, ಗಾಳಿಯ ಸದ್ದು, ನೋಡಲು ನೆರೆದ ಜನರ ಗದ್ದಲ. ಅಲ್ಲಿ ಮುದ್ರಿಸಿಕೊಂಡ ಮಾತು ಗುರುತಿಗೆ ಮಾತ್ರ. ಅದನ್ನು 'ಪೈಲಟ್' ಧ್ವನಿ ಎನ್ನುತ್ತಾರೆ. ಚಿತ್ರದ ಸಂಕಲನವಾದ ಬಳಿಕ, ಹೊರಗಿನ ಸದ್ದು ನುಸುಳದ ಕೋಣೆಯೊಂದರಲ್ಲಿ ಕಲಾವಿದೆ ನಿಲ್ಲುತ್ತಾಳೆ. ಎದುರಿಗೆ ಚಿತ್ರ ಓಡುತ್ತದೆ. ಕಿವಿಯಲ್ಲಿ ಪೈಲಟ್ ಧ್ವನಿ ಕೇಳಿಸುತ್ತದೆ. ತೆರೆಯ ಮೇಲಿನ ತುಟಿ ತೆರೆದಾಗ ತೆರೆದು, ಮುಚ್ಚಿದಾಗ ಮುಚ್ಚಿ, ಆ ಭಾವಕ್ಕೆ ತಕ್ಕ ಮಾತನ್ನು ಹೇಳಬೇಕು. ಹಿಂದಿನ ಕಾಲದಲ್ಲಿ ಫಿಲ್ಮನ್ನು ತುಂಡುತುಂಡಾಗಿ ಕತ್ತರಿಸಿ, ತುದಿಗಳನ್ನು ಅಂಟಿಸಿ ಬಳೆಯಂತೆ ಮಾಡಿ, ಸರಿಹೊಂದುವವರೆಗೆ ಅದನ್ನೇ ಮತ್ತೆ ಮತ್ತೆ ತಿರುಗಿಸುತ್ತಿದ್ದರು. ಇಂದು ಕಂಪ್ಯೂಟರ್ ಆ ಕೆಲಸವನ್ನು ಹಗುರ ಮಾಡಿದೆ. ಗಂಟಲಿನ ಕೆಲಸ ಮಾತ್ರ ಹಗುರವಾಗಿಲ್ಲ.

ಅಳು, ಬಿಕ್ಕಳಿಕೆ, ಓಡುವಾಗಿನ ಏದುಸಿರು, ಮೆಟ್ಟಿಲಿನಿಂದ ಬಿದ್ದಾಗಿನ ಚೀತ್ಕಾರ, ಇವೂ ಕಂಠದಾನದ ಬಾಬತ್ತೇ. ನಟಿ ಒಮ್ಮೆ ಬಿದ್ದರೆ ಕಂಠದಾನಿ ಹತ್ತು ಬಾರಿ ಬೀಳಬೇಕು; ನಿಂತಲ್ಲಿಯೇ, ಕಾಗದದ ಸದ್ದು ಕೂಡ ಆಗದಂತೆ!

ಬೇರೆ ಭಾಷೆಯ ಚಿತ್ರವನ್ನು ಕನ್ನಡಕ್ಕೆ ತರುವಾಗ ಕಷ್ಟ ಇಮ್ಮಡಿಯಾಗುತ್ತದೆ. ಇಂಗ್ಲಿಷಿನ 'ಐ ಲವ್ ಯೂ' ಎಂಬುದು ಮೂರೇ ಉಚ್ಚಾರ. 'ನಾನು ನಿನ್ನನ್ನು ಪ್ರೀತಿಸುತ್ತೇನೆ' ಎನ್ನಲು ಹತ್ತು ಅಕ್ಷರ ಬೇಕು. ಅಷ್ಟು ಹೇಳಿ ಮುಗಿಸುವಷ್ಟರಲ್ಲಿ ತೆರೆಯ ಮೇಲಿನ ನಾಯಕ ಬಾಗಿಲು ದಾಟಿ ಹೋಗಿರುತ್ತಾನೆ. ಪ, ಬ, ಮ ಎಂಬ ಅಕ್ಷರಗಳಿಗೆ ತುಟಿ ಕೂಡಲೇಬೇಕು. ಮೂಲದಲ್ಲಿ ತುಟಿ ಕೂಡಿದಲ್ಲಿ ಕನ್ನಡದಲ್ಲಿಯೂ ಅಂಥದೊಂದು ಅಕ್ಷರ ಬೀಳದಿದ್ದರೆ ಕಣ್ಣಿಗೆ ಮೋಸ ತಿಳಿದುಬಿಡುತ್ತದೆ. ಆದಕಾರಣ ಅರ್ಥವನ್ನೂ ಅಳತೆಯನ್ನೂ ತುಟಿಯನ್ನೂ ಒಟ್ಟಿಗೆ ಹೊಂದಿಸಬಲ್ಲ ಸಂಭಾಷಣೆಕಾರ ಸಿಕ್ಕಿದರೆ ಕಂಠದಾನಿಯ ಅರ್ಧ ಕೆಲಸ ಮುಗಿದಂತೆ. ಸಿಗದಿದ್ದರೆ ಯಾರೂ ಮನೆಯಲ್ಲಿ ಆಡದ ಗ್ರಾಂಥಿಕ ಕನ್ನಡವೊಂದು ತೆರೆಯ ಮೇಲೆ ಹುಟ್ಟಿಕೊಳ್ಳುತ್ತದೆ.

ಜಪಾನಿನ ಹುಡುಗ, ನ್ಯೂಯಾರ್ಕಿನ ಹೆಂಗಸು

ಕಂಠದಾನದ ಪ್ರಪಂಚದಲ್ಲಿ ವಿಶೇಷ ಸ್ಥಾನ ಪಡೆದಿರುವುದು ಜಪಾನಿನ ಚಲಿಸುವ ಚಿತ್ರಕಥೆ. ಅದಕ್ಕೆ 'ಆನಿಮೆ' ಎಂದು ಹೆಸರು. ಒಸಾಮು ತೆಜುಕಾ ಅವರ ಯಂತ್ರಬಾಲಕನ ಕಥೆ 1963ರ ಜನವರಿ 1ರಂದು ಜಪಾನಿನ ಟೆಲಿವಿಷನ್ನಿನಲ್ಲಿ ಆರಂಭವಾಯಿತು. ಅದೇ ವರ್ಷ 'ಆಸ್ಟ್ರೋ ಬಾಯ್' ಎಂಬ ಹೆಸರಿನಿಂದ ಅಮೆರಿಕಕ್ಕೆ ಬಂದಿತು. ಅಲ್ಲಿ ಆ ಹುಡುಗನಿಗೆ ಇಂಗ್ಲಿಷ್ ಕಂಠ ಕೊಟ್ಟವರು ಬಿಲ್ಲಿ ಲೂ ವಾಟ್ ಎಂಬ ನಟಿ. ಇಂಗ್ಲಿಷಿಗೆ ಬಂದ 104 ಕಂತುಗಳ ಪಾತ್ರಗಳನ್ನು ಮುಖ್ಯವಾಗಿ ಮೂವರೇ ಕಲಾವಿದರು ಹಂಚಿಕೊಂಡು ಆಡಿದರೆಂದರೆ ಅವರ ಗಂಟಲಿನ ಶ್ರಮವನ್ನು ಊಹಿಸಬಹುದು. 1967ರಲ್ಲಿ ಬಂದ 'ಸ್ಪೀಡ್ ರೇಸರ್' ಮಾಲೆಯಲ್ಲಿ ಕೊರಿನ್ ಆರ್ ಎಂಬಾಕೆ ನಾಯಕಿಗೂ ತುಂಟ ತಮ್ಮನಿಗೂ ತಾವೊಬ್ಬರೇ ಮಾತು ಕೊಟ್ಟರು.

ಹುಡುಗನ ಪಾತ್ರಕ್ಕೆ ಹೆಂಗಸಿನ ಧ್ವನಿಯೇಕೆ ಎಂಬ ಸಂದೇಹ ಬರುವುದು ಸಹಜ. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಗಂಡುಹುಡುಗರ ಧ್ವನಿ ಒಡೆಯುತ್ತದೆ. ಕಥೆ ವರ್ಷಾನುಗಟ್ಟಲೆ ನಡೆಯುವುದಾದರೆ ನಡುವೆ ಹುಡುಗನನ್ನು ಬದಲಿಸಬೇಕಾಗುತ್ತದೆ. ಹೆಂಗಸಿನ ಕಂಠಕ್ಕೆ ಆ ಅಪಾಯವಿಲ್ಲ. ಜಪಾನಿನ ಮಸಾಕೊ ನೊಜಾವಾ ಎಂಬ ಹಿರಿಯ ಕಲಾವಿದೆ ಹುಟ್ಟಿದ್ದು 1936ರಲ್ಲಿ. 'ಡ್ರಾಗನ್ ಬಾಲ್' ಕಥೆಯ ನಾಯಕ ಗೋಕುವಿಗೆ 1986ರಲ್ಲಿ ಕಂಠ ಕೊಡಲಾರಂಭಿಸಿದ ಆಕೆ ಎಂಬತ್ತೈದು ದಾಟಿದ ಮೇಲೂ ಆ ಪಾತ್ರವನ್ನು ಆಡಿದ್ದಾರೆ. ಕಥೆಯಲ್ಲಿ ಗೋಕು ಬೆಳೆದು, ಮದುವೆಯಾಗಿ, ಇಬ್ಬರು ಗಂಡುಮಕ್ಕಳ ತಂದೆಯಾದ. ಆ ಮಕ್ಕಳಿಗೂ ಈ ತಾಯಿಯದೇ ಕಂಠ!

ನಮ್ಮ ದೇಶದ ಕಥೆಯೊಂದು ಕೂಡ ಈ ದಾರಿಯಲ್ಲಿ ನಡೆದಿದೆ. ಜಪಾನಿನ ಯೂಗೊ ಸಾಕೊ ಅವರು ಭಾರತದ ಕಲಾವಿದ ರಾಮಮೋಹನ್ ಮೊದಲಾದವರೊಡನೆ ಸೇರಿ 1990ರ ದಶಕದ ಆರಂಭದಲ್ಲಿ ರಾಮಾಯಣವನ್ನು ಆನಿಮೆಯಾಗಿ ನಿರ್ಮಿಸಿದರು. ಅದರ ಇಂಗ್ಲಿಷ್ ಅವತರಣಿಕೆಯಲ್ಲಿ ಸೀತೆಯ ಮಾತನ್ನಾಡಿದವರು ಮುಂಬಯಿಯ ರಂಗಕರ್ಮಿ ರೇಲ್ ಪದಮ್‌ಸೀ. 2025ರ ಜನವರಿಯಲ್ಲಿ ಆ ಚಿತ್ರ ಹೊಸ ಹೊಳಪಿನಿಂದ ಚಿತ್ರಮಂದಿರಗಳಿಗೆ ಮರಳಿ ಬಂದಿತು. ಇಂಗ್ಲಿಷ್, ಹಿಂದಿ, ತಮಿಳು, ತೆಲುಗುಗಳಲ್ಲಿ ಬಂದಿತು. ಪಂಪ ರಾಮಾಯಣವನ್ನೂ ತೊರವೆ ರಾಮಾಯಣವನ್ನೂ ಕಂಡ ಕನ್ನಡದಲ್ಲಿ ಬರಲಿಲ್ಲ.

ಕನ್ನಡ ಕಲಿಯದ ಮೌಗ್ಲಿ

ಏಕೆ ಬರಲಿಲ್ಲ? ಈ ಪ್ರಶ್ನೆಯ ಬೇರು ಅರುವತ್ತು ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. 1934ರಲ್ಲಿ 'ಸತಿ ಸುಲೋಚನಾ' ಎಂಬ ಮೊದಲ ವಾಕ್ಚಿತ್ರ ಬಂದ ಮೇಲೆಯೂ ಬಹುಕಾಲ ಕನ್ನಡ ಚಿತ್ರಗಳ ತಯಾರಿಕೆ ಮದರಾಸಿನ ಸ್ಟುಡಿಯೋಗಳನ್ನೇ ನಂಬಿತ್ತು. ಬೆಂಗಳೂರಿನ ಚಿತ್ರಮಂದಿರಗಳಲ್ಲಿ ತಮಿಳು, ತೆಲುಗು, ಹಿಂದಿ ಚಿತ್ರಗಳ ಆರ್ಭಟ. ಅದರೊಡನೆ 'ಮಾಯಾಬಜಾರ್' ಮೊದಲಾದ ತೆಲುಗು ಚಿತ್ರಗಳು ಕನ್ನಡ ಮಾತನ್ನು ಹೊದ್ದು ಬರತೊಡಗಿದುವು. ಸಿದ್ಧ ಚಿತ್ರಕ್ಕೆ ಮಾತು ಸೇರಿಸುವುದು ಅಗ್ಗ. ಹೊಸ ಚಿತ್ರ ತೆಗೆಯುವುದು ದುಬಾರಿ. ಹೀಗಾದರೆ ಕನ್ನಡದ ನಟರಿಗೆ, ತಂತ್ರಜ್ಞರಿಗೆ ಅನ್ನವೆಲ್ಲಿ ಎಂಬ ಆತಂಕ ಹುಟ್ಟಿತು. 1960ರ ದಶಕದಲ್ಲಿ ಅ. ನ. ಕೃಷ್ಣರಾಯರು, ಮ. ರಾಮಮೂರ್ತಿ ಮೊದಲಾದ ಹಿರಿಯರು ಚಳವಳಿ ಹೂಡಿದರು. ರಾಜ್‌ಕುಮಾರ್ ಅವರ ಬೆಂಬಲವೂ ದೊರೆಯಿತು. ಡಬ್ಬಿಂಗ್ ನಿಂತಿತು.

ಆ ಚಳವಳಿಯ ಫಲವನ್ನು ಅಲ್ಲಗಳೆಯಲಾಗದು. 1966ರಲ್ಲಿ ಯಶವಂತಪುರದಾಚೆ ಕಂಠೀರವ ಸ್ಟುಡಿಯೋ ತಲೆಯೆತ್ತಿತು. ಕನ್ನಡ ಚಿತ್ರೋದ್ಯಮ ಮೆಲ್ಲಮೆಲ್ಲನೆ ಮದರಾಸನ್ನು ಬಿಟ್ಟು ಬೆಂಗಳೂರಿನಲ್ಲಿ ನೆಲೆಯೂರಿತು. ನಾವು ಹೆಮ್ಮೆಪಡುವ ಅದೆಷ್ಟೋ ಚಿತ್ರಗಳು ಆ ನೆರಳಿನಲ್ಲಿಯೇ ಬೆಳೆದುವು.

ಆದರೆ ನಿಷೇಧ ಕಾನೂನಿನ ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ. ಅದು ಉದ್ಯಮದ ಅಲಿಖಿತ ಕಟ್ಟಳೆ. ಕಾಲ ಬದಲಾದರೂ ಕಟ್ಟಳೆ ಬದಲಾಗಲಿಲ್ಲ. 1993ರಲ್ಲಿ ದೂರದರ್ಶನ ಜಪಾನಿನವರೇ ತಯಾರಿಸಿದ ಮೌಗ್ಲಿಯ ಕಥೆಯನ್ನು ಪ್ರಸಾರ ಮಾಡಿತು. ಭಾನುವಾರ ಬೆಳಿಗ್ಗೆ ರಾಜಾಜಿನಗರದ ಮಕ್ಕಳು ಎಣ್ಣೆಸ್ನಾನಕ್ಕೂ ಏಳದೆ ಪೆಟ್ಟಿಗೆಯೆದುರು ಕುಳಿತರು. ಮೌಗ್ಲಿ ಹಿಂದಿ ಮಾತನಾಡಿದ. ಷೇರ್‌ಖಾನ್ ಹುಲಿ ನಾನಾ ಪಾಟೇಕರ್ ಅವರ ಕಂಠದಲ್ಲಿ ಹಿಂದಿಯಲ್ಲೇ ಗರ್ಜಿಸಿತು. ಆಮೇಲೆ ಬಂದ ಡೋರೆಮಾನ್ ಬೆಕ್ಕು ಸೋನಲ್ ಕೌಶಲ್ ಎಂಬ ಯುವತಿಯ ಕಂಠದಲ್ಲಿ ಹಿಂದಿಯನ್ನೇ ಉಲಿಯಿತು. ಅಜ್ಜಿಯೊಡನೆ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಕನಸಿನಲ್ಲಿ ಹಿಂದಿ, ಹೀಗೆ ಬೆಳೆದ ಮಕ್ಕಳು ನಮ್ಮ ಬಡಾವಣೆಗಳಲ್ಲಿ ಹಲವರಿದ್ದಾರೆ. ಕನ್ನಡವನ್ನು ಕಾಪಾಡಲೆಂದು ಕಟ್ಟಿದ ಬೇಲಿಯ ಹೊರಗೆ ಕನ್ನಡದ ಮಕ್ಕಳೇ ಉಳಿದರೆ ಎಂದು ಕೇಳುವಂತಾಯಿತು.

2009ರಲ್ಲಿ 'ಚಿಂಟು ಟಿವಿ' ಎಂಬ ಮಕ್ಕಳ ವಾಹಿನಿ ಆರಂಭವಾದಾಗ ಚಿತ್ರಕಥೆಗಳ ಪಾತ್ರಗಳು ಕನ್ನಡದಲ್ಲಿ ಮಾತನಾಡತೊಡಗಿದುವು. ಮಕ್ಕಳ ಕಾರ್ಯಕ್ರಮಕ್ಕೆ ದೊಡ್ಡವರ ಕಟ್ಟಳೆ ಅಷ್ಟಾಗಿ ಅಡ್ಡಬರಲಿಲ್ಲ. ಕನ್ನಡದ ಕಂಠದಾನಿಗಳಿಗೆ ಇದೊಂದು ಹೊಸ ಕಸುಬಿನ ಬಾಗಿಲಾಯಿತು.

ಬಾಗಿಲು ತೆರೆದ ಮೇಲೆ

2012ರಲ್ಲಿ ಆಮಿರ್ ಖಾನ್ ಅವರ 'ಸತ್ಯಮೇವ ಜಯತೇ' ಕಾರ್ಯಕ್ರಮ ಹಲವು ಭಾಷೆಗಳಲ್ಲಿ ಬಂದು, ಕನ್ನಡದಲ್ಲಿ ಬರದೆ ಹೋದಾಗ ವಿವಾದ ಮತ್ತೆ ಕಾವೇರಿತು. ಕನ್ನಡ ಗ್ರಾಹಕರ ಕೂಟ ಎಂಬ ಸಂಘಟನೆ ಭಾರತೀಯ ಸ್ಪರ್ಧಾ ಆಯೋಗದ ಮೊರೆಹೊಕ್ಕಿತು. 2015ರ ಜುಲೈನಲ್ಲಿ ಆಯೋಗವು, ಡಬ್ಬಿಂಗ್ ಚಿತ್ರಗಳನ್ನು ತಡೆಯುವುದು ಸ್ಪರ್ಧೆಗೆ ವಿರುದ್ಧವೆಂದು ತೀರ್ಪಿತ್ತು, ಚಿತ್ರರಂಗದ ಸಂಸ್ಥೆಗಳಿಗೆ ದಂಡ ವಿಧಿಸಿತು. 2017ರಲ್ಲಿ ತಮಿಳು ಚಿತ್ರವೊಂದು 'ಸತ್ಯದೇವ್ ಐಪಿಎಸ್' ಎಂಬ ಹೆಸರಿನಿಂದ ಪ್ರತಿಭಟನೆಗಳ ನಡುವೆಯೇ ಕನ್ನಡದಲ್ಲಿ ತೆರೆಕಂಡಿತು.

ನಿಜವಾದ ಪ್ರವಾಹ ಬಂದುದು 2020ರಲ್ಲಿ. ಕೊರೋನಾ ಕಾಲದಲ್ಲಿ ಧಾರಾವಾಹಿಗಳ ಚಿತ್ರೀಕರಣ ನಿಂತಾಗ ವಾಹಿನಿಗಳಿಗೆ ದಿಕ್ಕು ತೋಚದಾಯಿತು. ಆಗ ಹಿಂದಿಯ 'ಮಹಾಭಾರತ', 'ರಾಧಾಕೃಷ್ಣ' ಮಾಲೆಗಳು ಕನ್ನಡದಲ್ಲಿ ಬಂದುವು. ಅಂಬೇಡ್ಕರ್ ಅವರ ಜೀವನಕಥೆ 'ಮಹಾನಾಯಕ' ಎಂಬ ಹೆಸರಿನಿಂದ ಬಂದು ಹಳ್ಳಿಹಳ್ಳಿಯಲ್ಲಿ ಮನ್ನಣೆ ಪಡೆಯಿತು. 2025ರ ಜುಲೈನಲ್ಲಿ 'ಮಹಾವತಾರ ನರಸಿಂಹ' ಎಂಬ ಚಲಿಸುವ ಚಿತ್ರಕಥೆ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ತೆರೆಕಂಡು ಅಪಾರ ಯಶಸ್ಸು ಗಳಿಸಿತು. ಅದನ್ನು ಜನರ ಮುಂದಿಟ್ಟುದು ಬೆಂಗಳೂರಿನ ಹೊಂಬಾಳೆ ಸಂಸ್ಥೆಯೇ. ಪ್ರಹ್ಲಾದನ ಮಾತನ್ನು ಕನ್ನಡದಲ್ಲಿ ಕೇಳಲು ಮಕ್ಕಳೂ ಅಜ್ಜ ಅಜ್ಜಿಯರೂ ಒಟ್ಟಿಗೆ ಚಿತ್ರಮಂದಿರಕ್ಕೆ ಹೋಗಬಹುದಾಯಿತು.

ಜಪಾನಿನ ಆನಿಮೆ ಮಾತ್ರ ಇನ್ನೂ ಹೊಸ್ತಿಲಲ್ಲೇ ನಿಂತಿದೆ. 2025ರ 'ಡೀಮನ್ ಸ್ಲೇಯರ್' ಚಿತ್ರ ಜಪಾನೀ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗುಗಳಲ್ಲಿ ಭಾರತಕ್ಕೆ ಬಂದಿತು. ಕನ್ನಡಕ್ಕೆ ಸರದಿ ಬರಲಿಲ್ಲ. ಇದರಲ್ಲೊಂದು ಸೋಜಿಗವಿದೆ. 'ನಾನು ಅನ್ನವನ್ನು ತಿನ್ನುತ್ತೇನೆ' ಎಂಬ ವಾಕ್ಯವನ್ನು ಜಪಾನೀಯರು 'ವತಾಶಿ ವಾ ಗೊಹಾನ್ ಒ ತಾಬೇರು' ಎನ್ನುತ್ತಾರೆ. ಮೊದಲು ಕರ್ತೃ, ನಡುವೆ ಕರ್ಮ, ಕೊನೆಗೆ ಕ್ರಿಯಾಪದ. ಥೇಟು ಕನ್ನಡದ ಜಾಡು! ಕಥೆಯ ಗುಟ್ಟು ವಾಕ್ಯದ ಕೊನೆಯಲ್ಲಿ ಬಿಚ್ಚಿಕೊಳ್ಳುವ ಈ ಕ್ರಮ ಇಂಗ್ಲಿಷಿಗೆ ಒಗ್ಗದು, ಕನ್ನಡಕ್ಕೆ ಸಲೀಸು. ಅಲ್ಲದೆ ಆನಿಮೆಯ ಬಾಯಿ ಕೆಲವೇ ಬಗೆಯಲ್ಲಿ ತೆರೆದು ಮುಚ್ಚುವುದರಿಂದ ತುಟಿಯ ಕಾಟವೂ ಕಡಿಮೆ.

ಹೆಸರಿನ ಮಾತು

ಕೆಲಸ ಹೆಚ್ಚಿದರೆ ಸಾಲದು; ಕೆಲಸ ಮಾಡಿದವರ ಹೆಸರು ಉಳಿಯಬೇಕು. ಕೇರಳದ ಒಂದು ಪ್ರಸಂಗ ಇದಕ್ಕೆ ಸಾಕ್ಷಿ. ನಮ್ಮ 'ಆಪ್ತಮಿತ್ರ'ಕ್ಕೆ ಮೂಲವಾದ 'ಮಣಿಚಿತ್ರತ್ತಾಳ್' ಎಂಬ ಮಲಯಾಳ ಚಿತ್ರ 1993ರಲ್ಲಿ ಬಂದಿತು. ಅದರ ನಾಯಕಿ ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು. ಆಕೆಯ ಪಾತ್ರಕ್ಕೆ ಮಾತು ಕೊಟ್ಟವರು ಪ್ರಸಿದ್ಧ ಕಲಾವಿದೆ ಭಾಗ್ಯಲಕ್ಷ್ಮಿ ಎಂದು ನಾಡೆಲ್ಲ ನಂಬಿತ್ತು. ಆದರೆ ಮೈನಡುಗಿಸುವ ನಾಗವಲ್ಲಿಯ ತಮಿಳು ಮಾತುಗಳು ದುರ್ಗಾ ಎಂಬ ಇನ್ನೊಬ್ಬ ಕಲಾವಿದೆಯವು. ಆ ಸಂಗತಿಯನ್ನು ನಿರ್ದೇಶಕ ಫಾಸಿಲ್ ಅವರು ಬಹಿರಂಗವಾಗಿ ತಿಳಿಸಿದ್ದು 2016ರಲ್ಲಿ. ಒಂದು ಹೆಸರು ಬೆಳಕಿಗೆ ಬರಲು ಇಪ್ಪತ್ತಮೂರು ವರ್ಷ ಹಿಡಿಯಿತು!

ಈಗ ಹೊಸದೊಂದು ಸಂಕಟ ಬಂದಿದೆ. ಕೆಲವು ನಿಮಿಷಗಳ ಧ್ವನಿಯನ್ನು ಕೇಳಿಸಿದರೆ ಸಾಕು, ಯಂತ್ರವು ಅದೇ ಧ್ವನಿಯಲ್ಲಿ ಬೇಕಾದುದನ್ನು ನುಡಿಯಬಲ್ಲುದು. ಗಾಯಕ ಅರಿಜಿತ್ ಸಿಂಗ್ ಅವರು ತಮ್ಮ ಧ್ವನಿಯ ಇಂಥ ನಕಲಿನ ವಿರುದ್ಧ ನ್ಯಾಯಾಲಯಕ್ಕೆ ಹೋದರು. 2024ರ ಜುಲೈನಲ್ಲಿ ಬೊಂಬಾಯಿ ಹೈಕೋರ್ಟು ಅವರಿಗೆ ರಕ್ಷಣೆ ಕೊಟ್ಟಿತು. ಹೆಸರಾಂತ ಗಾಯಕನ ಧ್ವನಿಯನ್ನು ಲೋಕ ಗುರುತಿಸುತ್ತದೆ. ಆದ್ದರಿಂದ ಕದ್ದುದೂ ತಿಳಿಯುತ್ತದೆ. ಹೆಸರೇ ಇಲ್ಲದ ಕಂಠದಾನಿಯ ಧ್ವನಿಯನ್ನು ಕದ್ದರೆ ಅದು ಇಂಥವರದೆಂದು ಸಾರುವವರು ಯಾರು? ತೆರೆಯ ಮೇಲೆ ಹೆಸರು ಹಾಕುವುದು ಹಿಂದೆ ಮರ್ಯಾದೆಯ ಮಾತಾಗಿತ್ತು. ಇಂದು ಅದು ಆಸ್ತಿಯ ದಸ್ತಾವೇಜಿನಷ್ಟೇ ಮುಖ್ಯವಾಗಿದೆ.

ಕೆಂಗೇರಿಯಿಂದ ಬಸವೇಶ್ವರನಗರದವರೆಗೆ ಯಾವ ಶಾಲೆಗೆ ಹೋದರೂ ಮಾಸ್ತರರ ಧ್ವನಿಯನ್ನು ಅಣಕಿಸಿ ಗೆಳತಿಯರನ್ನು ನಗಿಸುವ ಹುಡುಗಿಯೊಬ್ಬಳಾದರೂ ಸಿಕ್ಕಾಳು. ಅಣಕವೊಂದೇ ಈ ಕಸುಬಿಗೆ ಸಾಲದು. ಕನ್ನಡವನ್ನು ಗಟ್ಟಿಯಾಗಿ ಓದುವ ಅಭ್ಯಾಸ, ಮಂಡ್ಯ, ಮಂಗಳೂರು, ಧಾರವಾಡ, ಕಲಬುರಗಿಗಳ ಮಾತಿನ ಭೇದವನ್ನು ಗುರುತಿಸುವ ಕಿವಿ, ಉಸಿರಿನ ಮೇಲೆ ಹಿಡಿತ, ಒಂದಿಷ್ಟು ನಾಟಕದ ಅನುಭವ, ಇವು ಬೇಕು. ಜಯಶ್ರೀಯವರ ಕಂಠ ಪಳಗಿದುದು ರಂಗದ ಮೇಲೆ ಎಂಬುದನ್ನು ಮರೆಯಬಾರದು. ಬಸವೇಶ್ವರನಗರದ ಕೆ.ಇ.ಎ. ಪ್ರಭಾತ್ ರಂಗಮಂದಿರ ಇಂಥವರ ಮನೆಬಾಗಿಲಿನಲ್ಲಿಯೇ ಇದೆಯಲ್ಲ!

ಇನ್ನು ಪ್ರೇಕ್ಷಕರಾದ ನಮ್ಮ ಪಾಲಿನ ಕೆಲಸ ತೀರ ಸಣ್ಣದು. ಚಿತ್ರ ಮುಗಿದೊಡನೆ ಆಟೋರಿಕ್ಷಾಕ್ಕೆಂದು ಓಡದೆ ಎರಡು ನಿಮಿಷ ಕುಳಿತು, ತೆರೆಯ ಮೇಲೆ ಸರಿದು ಹೋಗುವ ಹೆಸರುಗಳಲ್ಲಿ ಕಂಠ ಯಾರದೆಂದು ಹುಡುಕಿ ಓದುವುದು. ಮಕ್ಕಳಿಗೂ ಓದಿ ಹೇಳುವುದು. ಆ ಹೆಸರು ಅಲ್ಲಿ ಇಲ್ಲದಿದ್ದರೆ, ಏಕಿಲ್ಲವೆಂದು ಕೇಳುವುದು.